ಸೋಡಚೀಟಿ ಬರೆದರೆ ಮದುವೆ ಮುರಿಯುವುದಿಲ್ಲ: ವಿಚ್ಛೇದನದ ಕಾನೂನಿನ ದಾರಿ

ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಗಂಡ ಹೆಂಡತಿ ಬೇರೆಯಾಗುವ ಮಾತು ಬಂದರೆ ಜನ ಮೊದಲು ಹೋಗುವುದು ಹಿರಿಯರ ಹತ್ತಿರ, ಕೋರ್ಟಿಗಲ್ಲ. ಕುಂದಗೋಳವಾಗಲಿ, ಮುಂಡರಗಿಯಾಗಲಿ, ಸವಣೂರಾಗಲಿ, ಕ್ರಮ ಹೆಚ್ಚುಕಡಿಮೆ ಒಂದೇ. ಎರಡೂ ಕಡೆಯವರು ಗುಡಿಯ ಕಟ್ಟೆಯ ಮೇಲೋ ಸೋದರಮಾವನ ಪಡಸಾಲೆಯಲ್ಲೋ ಕೂಡುತ್ತಾರೆ. ಕೂಡಿಸುವ ಪ್ರಯತ್ನ ಎರಡು ಮೂರು ಸಲ ನಡೆಯುತ್ತದೆ. ಆಗದಿದ್ದರೆ ಒಂದು ಛಾಪಾ ಕಾಗದ ತರಿಸುತ್ತಾರೆ. ‘ಇಂದಿನಿಂದ ನಮ್ಮಿಬ್ಬರಿಗೂ ಯಾವ ಸಂಬಂಧವೂ ಇರುವುದಿಲ್ಲ, ಒಬ್ಬರ ಮೇಲೊಬ್ಬರು ಯಾವ ಹಕ್ಕನ್ನೂ ಸಾಧಿಸತಕ್ಕದ್ದಲ್ಲ, ಇಬ್ಬರೂ ಬೇರೆ ಮದುವೆ ಮಾಡಿಕೊಳ್ಳಲು ಮುಕ್ತರು’ ಎಂದು ಅದರ ಮೇಲೆ ಟೈಪು ಮಾಡಿಸುತ್ತಾರೆ. ಕೆಳಗೆ ಪಂಚರ ಸಹಿಗಳು, ಒಂದೆರಡು ಹೆಬ್ಬೆಟ್ಟು, ಮೂಲೆಯಲ್ಲಿ ನೋಟರಿಯ ಮುದ್ರೆ. ಕೈಗೆ ಬಂದದ್ದು ಸೋಡಚೀಟಿ. ಅದನ್ನು ಹಿಡಿದುಕೊಂಡು ಮನೆಗೆ ಹೋದ ಇಬ್ಬರೂ ತಮಗೆ ವಿಚ್ಛೇದನ ಆಗಿದೆ ಎಂದೇ ನಂಬುತ್ತಾರೆ.

ಆಗಿರುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಅವರು ಮರುದಿನವೂ ಗಂಡ ಹೆಂಡತಿಯೇ.

ನೋಟರಿ ಮುದ್ರೆ ಹೇಳುವುದು ಇಷ್ಟೇ: ಈ ಸಹಿಯನ್ನು ಇಂಥವರೇ ಮಾಡಿದರು. ಮದುವೆಯನ್ನು ಮುರಿಯುವ ಅಧಿಕಾರ ನೋಟರಿಗೂ ಇಲ್ಲ, ಪೊಲೀಸ್ ಠಾಣೆಗೂ ಇಲ್ಲ, ಪಂಚರಿಗೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರೂಢಿಯ ವಿಚ್ಛೇದನಕ್ಕೆ ಒಂದು ಕಿರುಬಾಗಿಲು ಬಿಟ್ಟಿದೆ, ನಿಜ. ಒಂದು ಸಮುದಾಯದಲ್ಲಿ ಹಿರಿಯರ ಮುಂದೆ ಸಂಬಂಧ ಕಡಿದುಕೊಳ್ಳುವ ಪದ್ಧತಿ ತಲೆತಲಾಂತರದಿಂದ ನಡೆದುಬಂದಿದ್ದರೆ ಕಾಯ್ದೆ ಅದನ್ನು ಅಳಿಸುವುದಿಲ್ಲ. ಆದರೆ ಅಂಥ ರೂಢಿ ಇದೆ ಎಂದು ಹೇಳುವವರೇ ಅದನ್ನು ಕೋರ್ಟಿನಲ್ಲಿ ಸಾಕ್ಷಿಸಮೇತ ಸಾಬೀತು ಮಾಡಬೇಕು. ಸುಪ್ರೀಂ ಕೋರ್ಟ್ 2002ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ‘ನಮ್ಮಲ್ಲಿ ಹಿಂದಿನಿಂದ ಹೀಗೇ ನಡೆದಿದೆ’ ಎಂಬ ಬಾಯಿಮಾತು ಅಲ್ಲಿ ನಿಲ್ಲುವುದಿಲ್ಲ, ಸಾಬೀತು ಮಾಡುವುದೂ ಸುಲಭವಲ್ಲ.

ತೊಂದರೆ ಗೊತ್ತಾಗುವುದು ಕೂಡಲೇ ಅಲ್ಲ, ವರ್ಷಗಳ ಮೇಲೆ. ಸೋಡಚೀಟಿ ನಂಬಿ ಉಡಿಕೆಯಾದ, ಅಂದರೆ ಮರುಮದುವೆಯಾದ, ಹೆಣ್ಣುಮಗಳ ಎರಡನೆಯ ಗಂಡ ಸರ್ಕಾರಿ ನೌಕರಿಯಲ್ಲಿದ್ದು ತೀರಿಕೊಂಡ ಎಂದುಕೊಳ್ಳಿ. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ ಮೊದಲ ಮದುವೆಯ ವಿಚ್ಛೇದನದ ಡಿಕ್ರಿ, ಅಂದರೆ ಕೋರ್ಟಿನ ಆದೇಶ, ಕೇಳುತ್ತಾರೆ. ಇವಳ ಹತ್ತಿರ ಇರುವುದು ಮಡಿಕೆ ಬಿದ್ದ ಛಾಪಾ ಕಾಗದ. ಮೊದಲ ಮದುವೆ ಜೀವಂತ ಇರುವಾಗ ಆದ ಎರಡನೆಯ ಮದುವೆ ಕಾಯ್ದೆಯ 11ನೇ ಕಲಮಿನಂತೆ ಅಸಿಂಧು, ಅಂದರೆ ಆಗಲೇ ಇಲ್ಲ ಎಂದು ಲೆಕ್ಕ. ಅದು ಅಪರಾಧವೂ ಹೌದು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆ ಆಗಬಹುದು. ಅಂಥ ಮದುವೆಯ ಮಕ್ಕಳನ್ನು ಮಾತ್ರ ಕಾನೂನು ಕೈಬಿಟ್ಟಿಲ್ಲ. ಅವರು ಔರಸ, ಅಂದರೆ ಕಾನೂನು ಒಪ್ಪುವ, ಮಕ್ಕಳೇ. ತಂದೆ ತಾಯಿಗೆ ಬರುವ ಪಾಲಿನಲ್ಲಿ ಅವರಿಗೆ ಹಕ್ಕಿದೆ ಎಂದು ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆದರೆ ಅವರ ತಾಯಿಗೆ ಹೆಂಡತಿಯ ಸ್ಥಾನ ಸಿಗುವುದಿಲ್ಲ.

ಹಿರಿಯರ ಪಂಚಾಯಿತಿಯನ್ನು ಕೆಟ್ಟದೆಂದು ನಾನು ಹೇಳುವುದಿಲ್ಲ. ಬಂಗಾರ ಎಷ್ಟು, ಪಾತ್ರೆ ಪಗಡ ಯಾರಿಗೆ, ಮಗು ಯಾರ ಹತ್ತಿರ ಎಂಬ ಮಾತುಕತೆಯನ್ನು ಅಲ್ಲಿ ಮುಗಿಸಿಕೊಂಡರೆ ಮುಂದಿನ ಅರ್ಧ ಜಗಳ ಇಲ್ಲವಾಗುತ್ತದೆ. ಆದರೆ ಆ ಕಾಗದ ಕೊನೆಯ ಮೆಟ್ಟಿಲಲ್ಲ. ಅದನ್ನು ಹಿಡಿದು ಕೋರ್ಟಿಗೆ ಹೋಗಿ ಡಿಕ್ರಿ ತಂದರೆ ಮಾತ್ರ ಬೇರೆಯಾದಂತೆ. ವಿಚ್ಛೇದನದ ಕಾನೂನು ಈ ಭಾಗಕ್ಕೆ ಹೊಸತೂ ಅಲ್ಲ. ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಬಹಳ ಹಿಂದೆ, ಇದರಲ್ಲಿ ಹೆಚ್ಚಿನ ಭಾಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಾಗಿದ್ದಾಗಲೇ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆ ಇಲ್ಲಿ ಜಾರಿಗೆ ಬಂದಿತ್ತು.

ಇನ್ನು ಯಾರಿಗೆ ಯಾವ ಕಾನೂನು ಎಂಬುದು. ಹಿಂದೂ ವಿವಾಹ ಕಾಯ್ದೆ ಹಿಂದೂಗಳ ಜೊತೆ ಜೈನರು, ಬೌದ್ಧರು, ಸಿಖ್ಖರಿಗೂ ಅನ್ವಯಿಸುತ್ತದೆ. ವೀರಶೈವ ಮತ್ತು ಲಿಂಗಾಯತ ಎಂಬ ಹೆಸರುಗಳು ಅದರ ಎರಡನೇ ಕಲಮಿನಲ್ಲೇ ಇವೆ. ಆದರೆ ಅದೇ ಕಲಂ ಪರಿಶಿಷ್ಟ ಪಂಗಡದವರನ್ನು ಕೇಂದ್ರ ಸರ್ಕಾರದ ಅಧಿಸೂಚನೆ ಇಲ್ಲದೆ ಈ ಕಾಯ್ದೆಯ ವ್ಯಾಪ್ತಿಗೆ ತರುವಂತಿಲ್ಲ ಎನ್ನುತ್ತದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ವಾಲ್ಮೀಕಿ ನಾಯಕ ಸಮುದಾಯದ ಕುಟುಂಬಗಳು ಬಹಳ ಇರುವುದರಿಂದ ಇದು ಸಣ್ಣ ಸಂಗತಿಯಲ್ಲ. ಆ ಸಮುದಾಯದವರು ವಕೀಲರಿಗೆ ಮೊದಲ ದಿನವೇ ಇದನ್ನು ತಿಳಿಸಬೇಕು. ರಿಜಿಸ್ಟರ್ ಮದುವೆಯಾದ ಅಂತರ್ಧರ್ಮೀಯ ಜೋಡಿಗಳಿಗೆ 1954ರ ವಿಶೇಷ ವಿವಾಹ ಕಾಯ್ದೆ, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಮುಸ್ಲಿಂ ಮಹಿಳೆ 1939ರ ಕಾಯ್ದೆಯಡಿ ಕೋರ್ಟಿಗೆ ಹೋಗಬಹುದು, ಖುಲಾ (ಹೆಂಡತಿ ಕೇಳಿ ಪಡೆಯುವ ವಿಚ್ಛೇದನ) ಮತ್ತು ಮುಬಾರತ್ (ಇಬ್ಬರೂ ಒಪ್ಪಿ ಬೇರೆಯಾಗುವುದು) ದಾರಿಗಳೂ ಇವೆ. ಒಂದೇ ಉಸಿರಿನ ಮೂರು ತಲಾಖ್ ಅನ್ನು 2017ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು, 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧವನ್ನಾಗಿ ಮಾಡಿತು. ಮುಂದಿನ ವಿವರಗಳು ಮುಖ್ಯವಾಗಿ ಹಿಂದೂ ವಿವಾಹ ಕಾಯ್ದೆಯವು.

ಅರ್ಜಿಯನ್ನು ಕೌಟುಂಬಿಕ ನ್ಯಾಯಾಲಯದಲ್ಲಿ ಹಾಕಬೇಕು. ಮದುವೆಯಾದ ಊರು, ಇಬ್ಬರೂ ಕೊನೆಗೆ ಕೂಡಿ ಬಾಳಿದ ಊರು, ಎದುರುದಾರರು ಈಗ ಇರುವ ಊರು, ಈ ಮೂರರಲ್ಲಿ ಯಾವುದು ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಹಾಕಬಹುದು. ಅರ್ಜಿ ಹಾಕುವವಳು ಹೆಂಡತಿಯಾಗಿದ್ದರೆ ಅವಳು ಸದ್ಯ ವಾಸವಿರುವ ಊರೂ ಸಾಕು. ಈ ಸೌಲಭ್ಯವನ್ನು 2003ರ ತಿದ್ದುಪಡಿ ಕೊಟ್ಟಿದೆ. ಬೆಂಗಳೂರಿಗೆ ಮದುವೆಯಾಗಿ ಹೋಗಿ ನವಲಗುಂದದ ತವರಿಗೆ ಮರಳಿದವಳು ಪ್ರತಿ ತಾರೀಖಿಗೂ ರಾತ್ರಿ ಬಸ್ಸು ಹತ್ತಬೇಕಿಲ್ಲ. ಗಂಡನೇ ಬೆಂಗಳೂರಿನಲ್ಲಿ ಅರ್ಜಿ ಹಾಕಿಬಿಟ್ಟಿದ್ದರೆ ಪ್ರಕರಣವನ್ನು ತನ್ನ ಊರಿನ ಕೋರ್ಟಿಗೆ ವರ್ಗಾಯಿಸಲು ಹೈಕೋರ್ಟನ್ನು ಕೇಳಬಹುದು. ಹೆಂಡತಿಯ ಅನಾನುಕೂಲವನ್ನು ಹೈಕೋರ್ಟ್ ಸಾಮಾನ್ಯವಾಗಿ ತೂಕದಿಂದ ನೋಡುತ್ತದೆ. ಒಂದು ಮುಖ್ಯ ತಡೆ ಇದೆ: ಮದುವೆಯಾಗಿ ಒಂದು ವರ್ಷ ಆಗುವ ಮೊದಲು ವಿಚ್ಛೇದನದ ಅರ್ಜಿ ಹಾಕುವಂತಿಲ್ಲ. ಅಸಾಧಾರಣ ಕಷ್ಟ ಅಥವಾ ಎದುರುದಾರರ ಅಸಾಧಾರಣ ದುರ್ನಡತೆ ಇದ್ದರೆ ಮಾತ್ರ ಕೋರ್ಟಿನ ಅನುಮತಿ ಪಡೆದು ಹಾಕಬಹುದು.

ದಾರಿಗಳು ಎರಡು. ಇಬ್ಬರೂ ಒಪ್ಪಿದರೆ ಒಂದು, ಒಬ್ಬರು ಒಪ್ಪದಿದ್ದರೆ ಇನ್ನೊಂದು.

ಪರಸ್ಪರ ಸಮ್ಮತಿಯ ದಾರಿ 13ಬಿ ಕಲಮಿನದು. 1976ರ ತಿದ್ದುಪಡಿಯಲ್ಲಿ ಬಂತು. ಕನಿಷ್ಠ ಒಂದು ವರ್ಷದಿಂದ ಬೇರೆಯಾಗಿ ಬಾಳುತ್ತಿರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕೆಂದಿಲ್ಲ. ಒಂದೇ ಸೂರಿನ ಕೆಳಗೆ ಇದ್ದೂ ದಾಂಪತ್ಯ ಇಲ್ಲದಿದ್ದರೆ ಅದೂ ಬೇರೆ ಬಾಳುವುದೇ. ಇಬ್ಬರೂ ಒಂದೇ ಅರ್ಜಿಗೆ ಸಹಿ ಮಾಡಿ, ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ, ಮದುವೆಯ ಪುರಾವೆ ಕೊಡುತ್ತಾರೆ. ನೋಂದಣಿ ಆಗದ ಮದುವೆಗಳೇ ನಮ್ಮಲ್ಲಿ ಹೆಚ್ಚು, ಅದಕ್ಕೆ ಹೆದರಬೇಕಿಲ್ಲ. ಲಗ್ನಪತ್ರಿಕೆ, ಅಕ್ಷತೆಯ ಫೋಟೊ, ಆಧಾರ್ ಅಥವಾ ಪಡಿತರ ಚೀಟಿಯಲ್ಲಿನ ಗಂಡನ ಹೆಸರು ಕೆಲಸಕ್ಕೆ ಬರುತ್ತವೆ.

ಮೊದಲ ಹಾಜರಿಯ ದಿನ ಹೇಗಿರುತ್ತದೆ ಎಂದು ತಿಳಿಯದೆ ಬಹಳ ಜನ ಅಂಜುತ್ತಾರೆ. ಸಿನಿಮಾದ ಕಟಕಟೆ, ಕೂಗಾಟ ಅಲ್ಲಿಲ್ಲ. ಪ್ರಕರಣದ ಎಂ.ಸಿ. (ವೈವಾಹಿಕ ಪ್ರಕರಣ) ನಂಬರು, ಆಮೇಲೆ ಇಬ್ಬರ ಹೆಸರು ಕರೆಯುತ್ತಾರೆ. ಇಬ್ಬರೂ ನ್ಯಾಯಾಧೀಶರ ಮುಂದೆ ಅಕ್ಕಪಕ್ಕ ನಿಲ್ಲುತ್ತಾರೆ. ಎಷ್ಟು ದಿನದಿಂದ ಬೇರೆ ಇದ್ದೀರಿ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ, ಇಬ್ಬರೂ ಒಪ್ಪಿ ಮಾಡಿಕೊಂಡ ಕರಾರಿನಲ್ಲಿ ಬರೆದದ್ದು ಗೊತ್ತಿದೆಯೇ ಎಂದು ಕೇಳುತ್ತಾರೆ, ಮಕ್ಕಳಿದ್ದರೆ ಅವರ ಬಗ್ಗೆಯೂ. ಕನ್ನಡದಲ್ಲೇ ಉತ್ತರಿಸಬಹುದು. ಇಬ್ಬರಲ್ಲಿ ಒಬ್ಬರು ಕೇಳಿದರೂ ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸಬೇಕು ಎಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಹೇಳುತ್ತದೆ. ಮಂದಿಯ ಮುಂದೆ ಮನೆಯ ಮಾತು ಆಡಲು ನಾಚಿಕೆಯಾಗುವವರು ಇದನ್ನು ಕೇಳಿಕೊಳ್ಳಲಿ. ರಾಜಿಗೆ ಪ್ರಯತ್ನಿಸುವುದು ಆ ನ್ಯಾಯಾಲಯದ ಕರ್ತವ್ಯ, ಆದ್ದರಿಂದ ಸಮಾಲೋಚಕರ ಹತ್ತಿರವೋ ಮಧ್ಯಸ್ಥಿಕೆ ಕೇಂದ್ರಕ್ಕೋ ಕಳಿಸುತ್ತಾರೆ. ಲೋಕ ಅದಾಲತ್ ಮುಗಿದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಹಾರ ಬದಲಿಸಿ ಒಂದಾದ ದಂಪತಿಗಳ ಚಿತ್ರ ಬರುತ್ತದೆ. ಮನಸ್ಸು ಒಪ್ಪಿ ಒಂದಾದರೆ ಅದಕ್ಕಿಂತ ಸಂತೋಷ ಬೇರಿಲ್ಲ. ಹೊಡೆತ ತಿಂದು ಹೊರಗೆ ಬಂದವಳು ಮಾತ್ರ ಯಾರ ಮುಲಾಜಿಗೂ ಬಿದ್ದು ಹಾರ ಹಿಡಿಯಬೇಕಿಲ್ಲ. ‘ನನಗೆ ಜೀವಭಯ ಇದೆ’ ಎಂದು ಸಮಾಲೋಚಕರ ಮುಂದೆ ಸ್ಪಷ್ಟವಾಗಿ ಹೇಳುವುದು ಅವಳ ಹಕ್ಕು.

ಅರ್ಜಿ ಹಾಕಿದ ದಿನದಿಂದ ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಕೋರ್ಟಿನ ಮುಂದೆ ಅದೇ ಮಾತು ಹೇಳಬೇಕು. ಆಗಲೂ ಇಬ್ಬರ ಒಪ್ಪಿಗೆ ಇದ್ದರೆ ಡಿಕ್ರಿ. ನಡುವೆ ಒಬ್ಬರು ಹಿಂದೆ ಸರಿದರೆ ಈ ದಾರಿ ಅಲ್ಲಿಗೇ ನಿಲ್ಲುತ್ತದೆ. ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿಯ ಪ್ರಯತ್ನ ಸೋತಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಷಯ ಪೂರ್ತಿ ತೀರ್ಮಾನವಾಗಿರಬೇಕು. ಮನ್ನಾಕ್ಕೆ ಬೇರೆ ಅರ್ಜಿ ಕೊಡಬೇಕು, ತಾನಾಗಿ ಸಿಗುವುದಿಲ್ಲ.

ಕರಾರಿನ ಹಣದ ಬಗ್ಗೆ ಒಂದು ಎಚ್ಚರ. ‘ಮೊದಲು ಸಹಿ ಮಾಡು, ಆಮೇಲೆ ಕೊಡುತ್ತೇವೆ’ ಎಂಬ ಮಾತಿಗೆ ಒಪ್ಪಬೇಡಿ. ಅರ್ಧ ಮೊತ್ತ ಅರ್ಜಿಯ ದಿನ, ಇನ್ನರ್ಧ ಕೊನೆಯ ಹೇಳಿಕೆಯ ದಿನ, ಅದೂ ಕೋರ್ಟಿನಲ್ಲೇ ಡಿಮಾಂಡ್ ಡ್ರಾಫ್ಟ್ ಮೂಲಕ ಎಂದು ಕರಾರಿನಲ್ಲಿ ಬರೆಸಿ. ಕೊಡುವವರಿಗೂ ಇದೇ ಕ್ಷೇಮ, ನಗದು ಕೊಟ್ಟದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಮಗುವಿನ ಜೀವನಾಂಶ ಮಗುವಿನ ಸ್ವಂತ ಹಕ್ಕು. ‘ಮುಂದೆ ಏನೂ ಕೇಳುವುದಿಲ್ಲ’ ಎಂದು ತಾಯಿ ಬರೆದುಕೊಟ್ಟರೂ ಆ ಹಕ್ಕು ಹೋಗುವುದಿಲ್ಲ.

ಒಬ್ಬರು ಒಪ್ಪದಿದ್ದರೆ 13ನೇ ಕಲಂ. ಇಲ್ಲಿ ಕಾರಣ ಹೇಳಬೇಕು, ಹೇಳಿದ್ದನ್ನು ಸಾಬೀತು ಮಾಡಬೇಕು. ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು, ವ್ಯಭಿಚಾರ, ಮತಾಂತರ, ಕೂಡಿ ಬಾಳಲಾಗದಷ್ಟು ತೀವ್ರವಾದ ಮನೋರೋಗ, ಏಳು ವರ್ಷ ಬದುಕಿರುವ ಸುದ್ದಿಯೇ ಇಲ್ಲದಿರುವುದು ಮುಂತಾದವು ಆ ಪಟ್ಟಿಯಲ್ಲಿವೆ. ಕುಷ್ಠರೋಗವನ್ನು 2019ರಲ್ಲಿ ತೆಗೆದುಹಾಕಿದ್ದಾರೆ. ವ್ಯಭಿಚಾರ 2018ರಿಂದ ಅಪರಾಧವಲ್ಲ, ಆದರೆ ವಿಚ್ಛೇದನಕ್ಕೆ ಕಾರಣವಾಗಿ ಉಳಿದಿದೆ. ಹೆಚ್ಚಿನ ಅರ್ಜಿಗಳು ನಿಂತಿರುವುದು ಮೊದಲ ಎರಡರ ಮೇಲೆ. ಕ್ರೌರ್ಯವೆಂದರೆ ಹೊಡೆತವಷ್ಟೇ ಅಲ್ಲ. ನಿತ್ಯದ ಅವಮಾನ, ಶೀಲದ ಮೇಲೆ ಸುಳ್ಳು ಆರೋಪ, ವರದಕ್ಷಿಣೆಯ ಕಾಟ ಎಲ್ಲವೂ ಮಾನಸಿಕ ಕ್ರೌರ್ಯವೇ. ಸಂಸಾರದಲ್ಲಿ ಬಂದುಹೋಗುವ ಸಣ್ಣ ಮುನಿಸು ಅದರಲ್ಲಿ ಸೇರುವುದಿಲ್ಲ. ‘ಬಿಟ್ಟುಹೋದಳು’ ಎಂಬ ಆರೋಪಕ್ಕೆ ಬರಿಯ ತವರಿನ ವಾಸ ಸಾಕಾಗದು, ಸಂಬಂಧ ಕಡಿಯುವ ಉದ್ದೇಶ ಇತ್ತೆಂದು ತೋರಿಸಬೇಕು. ಹೊರದಬ್ಬಿಸಿಕೊಂಡು ತವರು ಸೇರಿದವಳು ಬಿಟ್ಟುಹೋದವಳಲ್ಲ.

‘ಹತ್ತು ವರ್ಷದಿಂದ ಬೇರೆ ಇದ್ದೇವೆ, ತಾನಾಗಿಯೇ ವಿಚ್ಛೇದನ ಆಗಿರಬೇಕಲ್ಲವೇ’ ಎಂದು ಕೇಳುವವರು ಬಹಳ. ಇಲ್ಲ. ಎಷ್ಟು ವರ್ಷ ಕಳೆದರೂ ಮದುವೆ ತಾನಾಗಿ ಮುರಿಯುವುದಿಲ್ಲ. ಸಂಬಂಧ ಸರಿಪಡಿಸಲಾರದಷ್ಟು ಕೆಟ್ಟಿದೆ ಎಂಬ ಒಂದೇ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗಿದೆ ಎಂದು 2023ರಲ್ಲಿ ಅದರ ಸಂವಿಧಾನ ಪೀಠ ಹೇಳಿತು. ಹುಬ್ಬಳ್ಳಿಯ ನ್ಯಾಯಾಲಯಕ್ಕೂ ಧಾರವಾಡದ ಹೈಕೋರ್ಟ್ ಪೀಠಕ್ಕೂ ಆ ಅಧಿಕಾರ ಇಲ್ಲ.

ವಿರೋಧವಿರುವ ಪ್ರಕರಣ ಹಂತಹಂತವಾಗಿ ಸಾಗುತ್ತದೆ. ಅರ್ಜಿ, ನೋಟಿಸು, ಎದುರುದಾರರ ತಕರಾರು, ರಾಜಿಯ ಪ್ರಯತ್ನ, ಸಾಕ್ಷ್ಯ, ಪಾಟೀ ಸವಾಲು (ಸಾಕ್ಷಿಗೆ ಎದುರು ಕಡೆಯ ವಕೀಲರ ಪ್ರಶ್ನೆ), ವಾದ, ತೀರ್ಪು. ತಿಂಗಳುಗಳಲ್ಲಿ ಮುಗಿಯುವುದು ಅಪರೂಪ, ವರ್ಷಗಳೇ ಬೇಕಾಗುತ್ತವೆ. ಇದರಲ್ಲಿ ಅತಿ ಹೆಚ್ಚು ಹಾನಿಯಾಗುವುದು ನೋಟಿಸಿನ ಹಂತದಲ್ಲಿ. ಪೋಸ್ಟಿನವನಿಗೆ ‘ಮನೆಯಲ್ಲಿಲ್ಲ’ ಎಂದು ಹೇಳಿ ಕಳಿಸಿದರೆ ಪ್ರಕರಣ ನಿಲ್ಲುತ್ತದೆ ಎಂದು ತಿಳಿಯುವವರಿದ್ದಾರೆ. ನಿಲ್ಲುವುದಿಲ್ಲ. ನೋಟಿಸನ್ನು ನಿರಾಕರಿಸಿದರೆ ತಲುಪಿದೆ ಎಂದೇ ಭಾವಿಸುತ್ತಾರೆ, ಗೈರಾದವರನ್ನು ಬಿಟ್ಟು ಏಕಪಕ್ಷೀಯವಾಗಿ ತೀರ್ಪು ಕೊಡುತ್ತಾರೆ. ಹೆಂಡತಿ ಮರಳಿ ಬರಲಿ ಎಂದು ಗಂಡ ಹಾಕುವ 9ನೇ ಕಲಮಿನ ಅರ್ಜಿಯಲ್ಲಿ ಇದು ಇನ್ನೂ ಅಪಾಯ. ‘ಕರೆಯುತ್ತಿದ್ದಾನಲ್ಲ, ಒಳ್ಳೆಯದೇ’ ಎಂದು ಸುಮ್ಮನೆ ಕುಳಿತರೆ ಅವನ ಪರ ಡಿಕ್ರಿ ಆಗುತ್ತದೆ. ಒಂದು ವರ್ಷದೊಳಗೆ ಇಬ್ಬರೂ ಕೂಡದಿದ್ದರೆ ಆ ಡಿಕ್ರಿಯೇ ವಿಚ್ಛೇದನಕ್ಕೆ ಕಾರಣವಾಗುತ್ತದೆ. ಯಾವ ನೋಟಿಸು ಬಂದರೂ ತೆಗೆದುಕೊಳ್ಳಿ, ಅದರಲ್ಲಿನ ತಾರೀಖಿಗೆ ಹಾಜರಾಗಿ.

ಸಾಕ್ಷ್ಯಕ್ಕೆ ವಾಟ್ಸ್‌ಆ್ಯಪ್ ಸಂದೇಶ, ಫೋನಿನ ಧ್ವನಿಮುದ್ರಣ, ಆಸ್ಪತ್ರೆಯ ಚೀಟಿ ಎಲ್ಲವೂ ಬರುತ್ತವೆ. ಗುಟ್ಟಾಗಿ ಮಾಡಿದ ಮುದ್ರಣವನ್ನೂ ವೈವಾಹಿಕ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಮೊಬೈಲ್ ಬದಲಿಸುವ ಮೊದಲು ಇವನ್ನು ಜೋಪಾನ ಮಾಡಿ.

ಜೀವನಾಂಶಕ್ಕೆ ತೀರ್ಪಿನವರೆಗೆ ಕಾಯಬೇಕಿಲ್ಲ. 24ನೇ ಕಲಮಿನಡಿ ಪ್ರಕರಣ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ ಮತ್ತು ಕೋರ್ಟಿನ ಖರ್ಚು ಕೇಳಬಹುದು. ಆದಾಯವಿಲ್ಲದ ಗಂಡನೂ ಕೇಳಬಹುದು. ವಿಚ್ಛೇದನ ಬೇಡದ ಹೆಂಡತಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ರಡಿ, ಜೀವನಾಂಶವನ್ನಷ್ಟೇ ಪಡೆಯಬಹುದು. ಈ ಹಕ್ಕು ಮುಸ್ಲಿಂ ಮಹಿಳೆಯರಿಗೂ ಇದೆ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿದಿದೆ. ‘ಸಂಬಳದ ಕಾಲುಭಾಗ’ ಎಂದು ಎಲ್ಲರೂ ಹೇಳುವ ಲೆಕ್ಕ ಕಾಯ್ದೆಯಲ್ಲಿಲ್ಲ. ಅದು ಒಂದು ತೀರ್ಪಿನಲ್ಲಿ ಬಂದ ಅಳತೆ. 2020ರ ತೀರ್ಪಿನಂತೆ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕು.

ಒಕ್ಕಲುತನದ ಮನೆಗಳಲ್ಲಿ ಇದೇ ಕಗ್ಗಂಟು. ಹೊಲ ಉತಾರದಲ್ಲಿ (ಪಹಣಿಯಲ್ಲಿ) ಮಾವನ ಹೆಸರಿಗಿರುತ್ತದೆ, ಗಂಡ ‘ನನಗೆ ಏನೂ ಇಲ್ಲ, ಕೂಲಿ ಮಾಡುತ್ತೇನೆ’ ಎಂದು ಬರೆದುಕೊಡುತ್ತಾನೆ. ಹತ್ತಿ, ಮೆಣಸಿನಕಾಯಿ ಮಾರಿದ ಹಣದ ಗುರುತು ಎಲ್ಲೂ ಇರುವುದಿಲ್ಲ. ಆದ್ದರಿಂದ ಹೊಲದ ಉತಾರ, ಮಾರುಕಟ್ಟೆಯ ಪಟ್ಟಿ, ಬೆಳೆಸಾಲದ ದಾಖಲೆ, ಟ್ರ್ಯಾಕ್ಟರಿನ ಕಾಗದಗಳ ನಕಲು ಕೈಗೆ ಸಿಕ್ಕಷ್ಟು ಕೂಡಿಹಾಕಿ ವಕೀಲರಿಗೆ ಕೊಡಬೇಕು. ಗಟ್ಟಿಮುಟ್ಟಾದ ಗಂಡ ದುಡಿಯುತ್ತಿಲ್ಲ ಎಂದಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಇನ್ನೊಂದು ಕಡೆ, ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಎಂಬುದೂ ತಪ್ಪು ತಿಳಿವಳಿಕೆ. ಅಂಥ ನಿಯಮ ನಮ್ಮಲ್ಲಿಲ್ಲ. ಅವಳಿಗೆ ಸಿಗುವುದು 25ನೇ ಕಲಮಿನಂತೆ ಕೋರ್ಟು ನಿಗದಿ ಮಾಡುವ ಶಾಶ್ವತ ಜೀವನಾಂಶ. ಸ್ತ್ರೀಧನ ಅದಕ್ಕಿಂತ ಬೇರೆ. ತವರಿನವರು ಹಾಕಿದ ಬಂಗಾರ, ಕೊಟ್ಟ ಸಾಮಾನು ಪೂರ್ತಿ ಅವಳದೇ, ಅತ್ತೆಯ ಕಪಾಟಿನಲ್ಲಿದ್ದರೂ ಅವಳದೇ. ಮದುವೆಯ ಫೋಟೊ ಮತ್ತು ಬಂಗಾರದ ಅಂಗಡಿಯ ರಸೀದಿ ಅದಕ್ಕೆ ಒಳ್ಳೆಯ ಸಾಕ್ಷಿ.

ಮಕ್ಕಳ ವಿಷಯದಲ್ಲಿ ಕೋರ್ಟು ನೋಡುವುದು ಮಗುವಿನ ಹಿತವನ್ನು, ಗೆದ್ದವರು ಯಾರೆಂಬುದನ್ನಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ. ತಿಳಿವಳಿಕೆ ಬಂದ ಮಗುವನ್ನು ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆದು ಮಾತಾಡಿಸುವುದುಂಟು. ಜೊತೆಗಿರದ ತಂದೆಗೋ ತಾಯಿಗೋ ಭೇಟಿಯ ಹಕ್ಕು ಇರುತ್ತದೆ. ಅಕ್ಕನ ಮಗಳನ್ನು ತಂದುಕೊಂಡ ಮನೆಗಳಲ್ಲಿ ಒಂದು ವಿಚ್ಛೇದನ ಎರಡು ತಲೆಮಾರಿನ ನಂಟನ್ನು ಅಲುಗಿಸುತ್ತದೆ. ಅಂಥಲ್ಲಿ ಮಗುವನ್ನು ಅಜ್ಜಿಯಿಂದಲೂ ದೂರ ಮಾಡಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಖರ್ಚಿಗೆ ಹೆದರಿ ಸೋಡಚೀಟಿಯಲ್ಲೇ ನಿಲ್ಲುವವರು ಹೆಚ್ಚು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಯಾವುದೇ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದ ಗಂಡಸರಿಗೂ ಈ ಹಕ್ಕಿದೆ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಗಳಿವೆ, ತಾಲ್ಲೂಕು ಕೋರ್ಟುಗಳಲ್ಲಿ ಅದರ ಸಮಿತಿಗಳಿವೆ. ಸಹಾಯವಾಣಿ 15100. ಹೊಡೆತ, ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ವಿಚ್ಛೇದನ ಕೇಳದೆಯೇ ರಕ್ಷಣೆ ಮತ್ತು ವಾಸದ ಹಕ್ಕು ಪಡೆಯಬಹುದು.

ತೀರ್ಪು ಬಂದ ಮೇಲೆ ಆತುರ ಬೇಡ. ವಿರೋಧವಿದ್ದ ಪ್ರಕರಣದಲ್ಲಿ ಸೋತವರು ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಅದಕ್ಕೆ 30 ದಿನ ಎನ್ನುತ್ತದೆ, ಹಿಂದೂ ವಿವಾಹ ಕಾಯ್ದೆ 90 ದಿನ. ಉದ್ದನೆಯ ಅವಧಿಯನ್ನೇ ಲೆಕ್ಕಕ್ಕೆ ಹಿಡಿದು, ಅದು ದಾಟಿ, ಮೇಲ್ಮನವಿ ಇಲ್ಲವೆಂದು ಖಚಿತವಾದ ನಂತರವೇ ಮರುಮದುವೆಯ ಮಾತು ತೆಗೆಯಿರಿ. ಪರಸ್ಪರ ಸಮ್ಮತಿಯ ಡಿಕ್ರಿಗೆ ಮೇಲ್ಮನವಿ ಇಲ್ಲ. ಡಿಕ್ರಿಯ ದೃಢೀಕೃತ ನಕಲನ್ನು ಎರಡು ಮೂರು ಪ್ರತಿ ತೆಗೆಸಿ. ಪಡಿತರ ಚೀಟಿ, ಬ್ಯಾಂಕ್ ಖಾತೆ, ವಿಮೆ, ಭವಿಷ್ಯನಿಧಿ ಎಲ್ಲೆಡೆ ನಾಮಿನಿಯ ಹೆಸರನ್ನು ಅದರ ಮೇಲೆ ಬದಲಿಸಿಕೊಳ್ಳಿ. ಮುಂದೆ ಮದುವೆ ನೋಂದಣಿಗೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕೇಳುವುದೂ ಇದೇ ನಕಲನ್ನು.